1ಬಿಎಚ್‌ಕೆ ಫ್ಲಾಟ್‌ಗಳ ಒಳಗಿನ ಫೋಟೊಗೆ ವೈಡ್ ಕ್ಯಾಮೆರಾ ಯಾವುದು ತಗೊಳ್ಳಲಿ? (ಬಜೆಟ್ 1 ಲಕ್ಷದೊಳಗೆ)

ಠಾಣೆ_ಸ್ಲೋ

ಎಲ್ಲರಿಗೂ ನಮಸ್ಕಾರ. ಠಾಣೆಯಲ್ಲಿ ನಮ್ಮ ಮಾವನವರದ್ದು ಒಂದು ಚಿಕ್ಕ ಎಸ್ಟೇಟ್ ಏಜೆನ್ಸಿ ಇದೆ. ಬಾಡಿಗೆ, ರೀಸೇಲ್ ಎರಡೂ ಮಾಡುತ್ತಾರೆ. ಫೋಟೊ ತೆಗೆದು ಹಾಕುವ ಕೆಲಸ ಈಗ ನನ್ನ ತಲೆಗೆ ಬಂದಿದೆ.

ಇಷ್ಟು ದಿನ ಫೋನಿನಲ್ಲೇ ನಡೆಯುತ್ತಿತ್ತು. 1ಎಕ್ಸ್ ಇಟ್ಟರೆ ಅರ್ಧ ಮಂಚ, ಅರ್ಧ ಕಪಾಟು. 0.5 ಇಟ್ಟರೆ ರೂಮ್ ಪೂರ್ತಿ ಬರುತ್ತದೆ, ಆದರೆ ಗೋಡೆ ವಾಲುತ್ತದೆ, ಮೂಲೆ ಕಲಸಿಹೋಗುತ್ತದೆ, ಕಿಟಕಿ ಬರೀ ಬಿಳಿ. ಸಂಜೆ ಹೊತ್ತು ತೆಗೆದದ್ದಂತೂ ಕೇಳಲೇಬೇಡಿ.

ನಮ್ಮಲ್ಲಿ ಬರುವುದು ಹೆಚ್ಚಾಗಿ 1ಆರ್‌ಕೆ (ಒಂದು ರೂಮ್, ಒಂದು ಅಡುಗೆಮನೆ), 1ಬಿಎಚ್‌ಕೆ. ಬೆಡ್‌ರೂಮ್ 10×10 ಅಡಿ ಇದ್ದರೆ ದೊಡ್ಡದು. ಅಡುಗೆಮನೆ 6×8. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಫ್ರಿಜ್ ತಾಗುತ್ತದೆ.

ಬಜೆಟ್ 1 ಲಕ್ಷದೊಳಗೆ. ಜೇಬಿಗೆ ಹಾಕುವಂಥ ಕಂಪ್ಯಾಕ್ಟ್ ಕ್ಯಾಮೆರಾ ಸಾಕಾ, ಲೆನ್ಸ್ ಬದಲಾಯಿಸುವಂಥದ್ದೇ ಬೇಕಾ? ಎಷ್ಟು ವೈಡ್ ಇರಬೇಕು? ಅಂಗಡಿಯಲ್ಲಿ ಕೇಳಿದರೆ ಮೆಗಾಪಿಕ್ಸೆಲ್ ಎಷ್ಟು, 4ಕೆ ಎಷ್ಟು ಅಂತ ಹೇಳುತ್ತಾರೆ. ನನಗೆ ಬೇಕಾದ್ದನ್ನು ಯಾರೂ ಹೇಳುತ್ತಿಲ್ಲ.

ಬ್ರೋಕರ್_ಭಾವ

ಇದರಲ್ಲಿ ಕೇಳುವುದೇನಿದೆ? ಸಿಗುವುದರಲ್ಲಿ ಅತಿ ವೈಡ್ ಯಾವುದೋ ಅದನ್ನೇ ತಗೊಳ್ಳಿ. ಮೀರಾ ರೋಡ್‌ನಲ್ಲಿ ನಾನು ಆಕ್ಷನ್ ಕ್ಯಾಮೆರಾದಲ್ಲಿ ತೆಗೆಯುತ್ತೇನೆ. ಹಾಲ್ ದೊಡ್ಡದಾಗಿ ಕಾಣುತ್ತದೆ, ಜನ ಫೋನ್ ಮಾಡುತ್ತಾರೆ. ಫೋನ್ ಬಂದ ಮೇಲೆ ಉಳಿದದ್ದಕ್ಕೆ ನಮ್ಮ ಬಾಯಿ ಇದೆಯಲ್ಲ.

ಖೋಲಿ_ಹುಡುಕಾಟ

ಭಾವ, ಆ ಬಾಯಿಯ ಮಾತು ಕೇಳಿಸಿಕೊಳ್ಳುವವಳು ನಾನು. ಅಂಧೇರಿಯಲ್ಲಿ ಆಫೀಸ್ ಬಿಟ್ಟು, ಪೀಕ್ ಅವರ್‌ನ ಲೋಕಲ್‌ನಲ್ಲಿ ತಳ್ಳಿಸಿಕೊಂಡು ಬೋರಿವಲಿಗೆ ಮನೆ ನೋಡಲು ಹೋಗಿದ್ದೆ. ಫೋಟೊದಲ್ಲಿ ಸೋಫಾ, ಡೈನಿಂಗ್ ಟೇಬಲ್, ಟಿವಿ ಯೂನಿಟ್, ನಡುವೆ ಓಡಾಡಲು ಜಾಗ. ಹೋಗಿ ನೋಡಿದರೆ ಮುಂಬಾಗಿಲು ತೆರೆದರೆ ಸೋಫಾಗೆ ಹೊಡೆಯುತ್ತದೆ. ಡೈನಿಂಗ್ ಟೇಬಲ್ ಗೋಡೆಗೆ ಮಡಚುವಂಥದ್ದು. ಓನರ್ ಆಂಟಿಯೇ ಹೇಳಿದರು, ಫೋಟೊ ನೋಡಿ ನಮ್ಮ ಮನೆ ನನಗೇ ಗುರುತು ಸಿಗಲಿಲ್ಲ ಅಂತ. ಆ ಏಜೆಂಟ್ ಆಮೇಲೆ ಎಷ್ಟು ಫೋನ್ ಮಾಡಿದರೂ ನಾನು ಎತ್ತಲಿಲ್ಲ.

ಮೂರುಕಾಲಿನವ

ಪುಣೆಯಿಂದ. ಆರ್ಕಿಟೆಕ್ಟ್‌ಗಳಿಗೆ, ಇಂಟೀರಿಯರ್‌ನವರಿಗೆ ಫೋಟೊ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಹೆಚ್ಚಿನ ಕೆಲಸ ಬಾಣೇರ್, ವಾಕಡ್ ಕಡೆ.

ನೋಡ್ರಿ, ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಯಾವುದು ಅನ್ನುವುದನ್ನು ಆಮೇಲೆ ಮಾತಾಡೋಣ. ಮೊದಲು ಕೋನದ ಲೆಕ್ಕ. ಲೆನ್ಸಿನ ಮಿ.ಮೀ. ಅಂಕಿ ಕಡಿಮೆಯಾದಷ್ಟೂ ಅದು ವೈಡ್. ಫುಲ್‌ಫ್ರೇಮ್ ಅನ್ನುವ ದೊಡ್ಡ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) 36 ಮಿ.ಮೀ. ಅಗಲ. ಅದರ ಮುಂದೆ 18 ಮಿ.ಮೀ. ಲೆನ್ಸ್ ಇದ್ದರೆ ಅಡ್ಡಕ್ಕೆ ಸರಿಯಾಗಿ 90 ಡಿಗ್ರಿ ಕಾಣುತ್ತದೆ. ಈಗ ಚೌಕ ರೂಮಿನ ಮೂಲೆಗೆ ಬೆನ್ನು ಹಚ್ಚಿ ನಿಲ್ಲಿ. ನಿಮ್ಮ ಎಡಗೋಡೆಗೂ ಬಲಗೋಡೆಗೂ ನಡುವೆ ಇರುವುದು ಅದೇ 90 ಡಿಗ್ರಿ. ಅಂದರೆ ಎಷ್ಟೇ ಸಣ್ಣ ರೂಮ್ ಇರಲಿ, ಮೂಲೆಯಲ್ಲಿ ನಿಂತವನಿಗೆ 18ರಲ್ಲಿ ರೂಮ್ ಬಂತು. ಟ್ರೈಪಾಡ್ ಮೂಲೆಯಿಂದ ಒಂದಡಿ ಮುಂದೆ ಬರುವುದರಿಂದ ಒಂಚೂರು ಹೆಚ್ಚು ಇದ್ದರೆ ಒಳ್ಳೆಯದು, 16 ಅನ್ನಿ. ಅದಕ್ಕೂ ವೈಡ್ ಹೋದರೆ ಪಕ್ಕದ ಗೋಡೆಯ ಪ್ಲಾಸ್ಟರ್ ಬಿಟ್ಟು ಹೊಸದೇನೂ ಸಿಗುವುದಿಲ್ಲ.

ಎದುರಿನ ಗೋಡೆ 10 ಅಡಿ ದೂರ ಇದೆ ಅಂದುಕೊಳ್ಳಿ. 28ರಲ್ಲಿ ಅಲ್ಲಿ ಸುಮಾರು 13 ಅಡಿ ಅಗಲ ಹಿಡಿಸುತ್ತದೆ. 24ರಲ್ಲಿ 15 ಅಡಿ. 16ರಲ್ಲಿ 22 ಅಡಿಗೂ ಜಾಸ್ತಿ. 28ಕ್ಕೂ 24ಕ್ಕೂ ಬರೀ ನಾಲ್ಕೇ ಅಂಕಿ ಅಂತ ಅನ್ನಿಸುತ್ತದೆ, ಆದರೆ ಆ ಎರಡು ಅಡಿಯಲ್ಲಿ ಒಂದು ಕಪಾಟು ಒಳಗೆ ಬರುತ್ತದೆ ಅಥವಾ ಹೊರಗೆ ಉಳಿಯುತ್ತದೆ.

ಇವೆಲ್ಲ ಫುಲ್‌ಫ್ರೇಮ್ ಅಂಕಿಗಳು. ನಿಮ್ಮ ಬಜೆಟ್‌ನಲ್ಲಿ ಬರುವುದು ಅದಕ್ಕಿಂತ ಸಣ್ಣ ಎಪಿಎಸ್-ಸಿ ಸೆನ್ಸರ್. ನಿಕಾನ್, ಸೋನಿ, ಫ್ಯೂಜಿಯಾದರೆ ಲೆನ್ಸಿನ ಮೇಲಿನ ಅಂಕಿಯನ್ನು 1.5ರಿಂದ ಗುಣಿಸಿ. ಕ್ಯಾನನ್ ಆದರೆ 1.6ರಿಂದ. ಅಂಗಡಿಯವರು ಇದನ್ನು ಬಾಯಿ ಬಿಡುವುದಿಲ್ಲ, ಕೇಳಿದರೆ ‘18 ಅಂದರೆ ವೈಡೇ ಸರ್’ ಅನ್ನುತ್ತಾರೆ. ಕ್ಯಾನನ್ ಆರ್50 ಜೊತೆ ಬರುವ 18-45 ಕಿಟ್ ಲೆನ್ಸ್ ಲೆಕ್ಕದಲ್ಲಿ 29ರಿಂದ ಶುರುವಾಗುತ್ತದೆ. ನಿಮ್ಮ ಫೋನಿನ 1ಎಕ್ಸ್‌ಗಿಂತ ಕಡಿಮೆ ವೈಡ್!

ಠಾಣೆ_ಸ್ಲೋ

ಅಯ್ಯೋ, ನಿನ್ನೆ ಅದನ್ನೇ ಬುಕ್ ಮಾಡುವುದರಲ್ಲಿದ್ದೆ. ಹಾಗಾದರೆ ಕಿಟ್ ಲೆನ್ಸ್ ಯಾವುದೂ ಕೆಲಸಕ್ಕೆ ಬರುವುದಿಲ್ಲವಾ ಸರ್?

ಮೂರುಕಾಲಿನವ

ಎಲ್ಲವೂ ಒಂದೇ ಅಲ್ಲ. ಸೋನಿಯ 16-50, ನಿಕಾನ್ ಜೆಡ್ ಸರಣಿಯ 16-50 ಎರಡೂ 24ರಿಂದ ಶುರು. ಫ್ಯೂಜಿಯ 15-45 ಇನ್ನೂ ಸ್ವಲ್ಪ ವೈಡ್, 23ರ ಹತ್ತಿರ. 2ಬಿಎಚ್‌ಕೆ ಹಾಲ್‌ಗೆ 24 ಧಾರಾಳ ಆಯಿತು. ನಿಮ್ಮ 6×8 ಅಡುಗೆಮನೆಗೆ ಸಾಲದು. ನಿಮಗೆ ಬೇರೆ ಲೆನ್ಸ್ ಬೇಕೇ ಬೇಕು.

ಮಾಟುಂಗಾ_ಫಿಲ್ಟರ್

ಕಂಪ್ಯಾಕ್ಟ್ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ರೇ, ನಾನು ಹೇಳುತ್ತೇನೆ.

ಡಿಜಿಟಲ್ ಶುರುವಾದ ಕಾಲದಲ್ಲಿ ಜೇಬಿನ ಕ್ಯಾಮೆರಾಗಳು ಹೆಚ್ಚಾಗಿ 35ರಿಂದ ಶುರು. 28 ಇದ್ದರೆ ಡಬ್ಬದ ಮೇಲೆ ದೊಡ್ಡದಾಗಿ ‘ವೈಡ್’ ಅಂತ ಬರೆಯುತ್ತಿದ್ದರು. 2006ರಲ್ಲಿ ಕೊಡಕ್‌ನವರು ವಿ570 ಅಂತ ಒಂದು ಪುಟ್ಟ ಕ್ಯಾಮೆರಾ ತಂದರು. ಅದಕ್ಕೆ ಎರಡು ಲೆನ್ಸ್, ಒಂದು 23 ಮಿ.ಮೀ.ದ್ದು. ಈಗ ಫೋನಿನ ಬೆನ್ನಿಗೆ ಎರಡು ಮೂರು ಕಣ್ಣು ಇರುತ್ತದಲ್ಲ, ಆ ಬುದ್ಧಿ ಆಗಲೇ ಬಂದಿತ್ತು. 2008ರಲ್ಲಿ ಪ್ಯಾನಸೋನಿಕ್ ಎಲ್‌ಎಕ್ಸ್3 24ರಿಂದ ಶುರುವಾಯಿತು. ಮನೆ ಫೋಟೊ ತೆಗೆಯುವವರಿಗೆ ಆಗ ಅದೇ ದೊಡ್ಡ ಹಬ್ಬ.

ಹೆಚ್ಚು ಕಡಿಮೆ ಅಲ್ಲಿಗೇ ನಿಂತಿತು ಕಥೆ. ಸೋನಿ ಆರ್‌ಎಕ್ಸ್100 ಮೂರನೇ ಆವೃತ್ತಿಯಿಂದ 24. ಕ್ಯಾನನ್ ಜಿ7ಎಕ್ಸ್ 24. ಒಳ್ಳೆಯ ಕ್ಯಾಮೆರಾಗಳೇ, ಆದರೆ 16ಕ್ಕೆ ಯಾವುದೂ ಹೋಗುವುದಿಲ್ಲ. ಮುಂದೆ ತಿರುಗಿಸಿ ಹಾಕುವ ವೈಡ್ ಕನ್ವರ್ಟರ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ಅಗ್ಗದ ಗಾಜಿನಲ್ಲಿ ಅಂಚೆಲ್ಲ ನೀಲಿ ಗೆರೆ, ಮಸುಕು.

ಭಾವನವರ ಆಕ್ಷನ್ ಕ್ಯಾಮೆರಾ ಬೇರೆಯೇ ಜಾತಿ. ಅದರ ವೈಡ್ ಮೋಡ್‌ನಲ್ಲಿ ನೆಟ್ಟಗಿನ ಗೆರೆ ಬಿಲ್ಲಿನ ಹಾಗೆ ಬಗ್ಗುತ್ತದೆ. ಬೆಟ್ಟ ಹತ್ತುವವರಿಗೆ ನಡೆಯುತ್ತದೆ. ಬಾಗಿಲ ಚೌಕಟ್ಟು ಬಗ್ಗಿದರೆ ಗಿರಾಕಿ ಕಟ್ಟಡದ ಮೇಲೇ ಅನುಮಾನ ಪಡುತ್ತಾನೆ.

ಬ್ರೋಕರ್_ಭಾವ

ಅದರಲ್ಲಿ ಲೀನಿಯರ್ ಅಂತ ಮೋಡ್ ಇದೆ ಅಣ್ಣ. ಗೆರೆ ನೆಟ್ಟಗೆ ಬರುತ್ತದೆ. ಸುಮ್ನೆ ಕಾಲೆಳೆಯಬೇಡಿ.

ಮಾಟುಂಗಾ_ಫಿಲ್ಟರ್

ಇದೆ, ಒಪ್ಪಿದೆ. ಅದನ್ನು ಹಾಕಿದರೆ ಕೋನ ಕಡಿಮೆಯಾಗುತ್ತದೆ. ಜೊತೆಗೆ ಸೆನ್ಸರ್ ಉಗುರಿನಷ್ಟು. ಸಂಜೆ ಟ್ಯೂಬ್‌ಲೈಟ್‌ನಲ್ಲಿ ತೆಗೆದ ಒಂದನ್ನು ಇಲ್ಲಿ ಹಾಕಿ, ಎಲ್ಲರೂ ನೋಡೋಣ.

ಬಿಗಿ_ಬಜೆಟ್

1 ಲಕ್ಷ ಯಾಕೆ? ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆ ಮಾದರಿ) ನೋಡಿ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿದ್ದಾರೆ, ಹಳೆಯದನ್ನು ಬಂದ ಬೆಲೆಗೆ ಕೊಡುತ್ತಿದ್ದಾರೆ. ಮನೆ ಓಡಿಹೋಗುವುದಿಲ್ಲ, ಹಕ್ಕಿಯ ಕಣ್ಣು ಹಿಡಿಯುವ ಫೋಕಸ್ ನಿಮಗೆ ಬೇಕಾಗಿಲ್ಲ. ಹತ್ತು ವರ್ಷ ಹಳೆಯ ಬಾಡಿ ಟ್ರೈಪಾಡ್ ಮೇಲೆ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100ರಲ್ಲಿ ಈಗಲೂ ಚೆನ್ನಾಗಿಯೇ ಕೊಡುತ್ತದೆ.

ಕ್ಯಾನನ್ ಇಎಫ್-ಎಸ್ 10-18 ಅಂತ ಒಂದು ಲೆನ್ಸ್ ಇದೆ. 2014ರಲ್ಲಿ ಬಂದದ್ದು. 1.6ರಿಂದ ಗುಣಿಸಿದರೆ 16-29. ಬಾಡಿ ಪೂರ್ತಿ ಪ್ಲಾಸ್ಟಿಕ್, ಆದರೆ ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಎಫ್/8ರಲ್ಲಿ ಇಟ್ಟರೆ ಮೂಲೆಯವರೆಗೂ ಚೂಪು. ಕ್ಯಾನನ್ 200ಡಿ ಜೊತೆ ಸಿಕ್ಕಿದರೆ ಕಣ್ಣು ಮುಚ್ಚಿ ತಗೊಳ್ಳಿ. ಮುಂದೆ ಆರ್ ಸರಣಿಯ ಬಾಡಿ ತಗೊಂಡರೂ ಕ್ಯಾನನ್‌ನ ಅಡಾಪ್ಟರ್ ಹಾಕಿ ಇದೇ ಲೆನ್ಸ್ ನಡೆಸಬಹುದು.

ನಿಕಾನ್‌ನಲ್ಲಿ ಎಎಫ್-ಪಿ 10-20 ಇದೆ, ಅದು 15-30. ಒಳ್ಳೆಯದೇ. ಒಂದು ಎಚ್ಚರಿಕೆ ಮಾತ್ರ: ಡಿ3200, ಡಿ5100 ಥರದ ಹಳೆಯ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸೇ ಆಗುವುದಿಲ್ಲ. ಆ ಜೋಡಿಯನ್ನು ‘ಫೋಕಸ್ ಮೋಟರ್ ಸ್ವಲ್ಪ ಹಾರ್ಡ್ ಇದೆ ಸರ್’ ಅಂತ ನನಗೆ ಮಾರಲು ನೋಡಿದವರಿದ್ದಾರೆ.

ಮೂರುಕಾಲಿನವ

ಬಜೆಟ್ ಅಣ್ಣನ ಮಾತು ನಿಜ. ಹೊಸದೇ ಬೇಕು ಅಂದರೆ ನನ್ನ ಲೆಕ್ಕದಲ್ಲಿ ಎರಡು ದಾರಿ.

ಕ್ಯಾನನ್ ಆರ್50 ಬಾಡಿಗೆ ಆರ್‌ಎಫ್-ಎಸ್ 10-18. ಇದು 2023ರಲ್ಲಿ ಬಂದ ಲೆನ್ಸ್, 150 ಗ್ರಾಂ ತೂಕ. 16ರಿಂದ 29. ಇದರ ಜೊತೆ ಕಿಟ್ ಲೆನ್ಸ್ ಬೇಡವೇ ಬೇಡ, ಬರೀ ಬಾಡಿ ಕೇಳಿ. ಎರಡನೆಯದು ನಿಕಾನ್ ಜೆಡ್30ಗೆ 12-28. ಲೆಕ್ಕ ಹಾಕಿ, 12ನ್ನು 1.5ರಿಂದ ಗುಣಿಸಿದರೆ 18, ನಾನು ಮೊದಲು ಹೇಳಿದ 90 ಡಿಗ್ರಿ. ಜೆಡ್30ರಲ್ಲಿ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ, ನಮ್ಮ ಕೆಲಸಕ್ಕೆ ಅದು ಕೊರತೆಯೂ ಅಲ್ಲ. ಮೂಲೆಗೆ ಕ್ಯಾಮೆರಾ ತಳ್ಳಿದ ಮೇಲೆ ಅದರ ಹಿಂದೆ ತಲೆ ಹಾಕಲು ಜಾಗ ಎಲ್ಲಿರುತ್ತದೆ? ತಿರುಗುವ ಸ್ಕ್ರೀನ್ ಮಾತ್ರ ಇರಲೇಬೇಕು. ಇವೆರಡರಲ್ಲೂ ಇದೆ.

ಸೋನಿಯಲ್ಲಿ 10-20 ಜಿ ಚಂದದ ಲೆನ್ಸ್. ಸಿಗ್ಮಾ 10-18 ಎಫ್/2.8 ಅದಕ್ಕಿಂತ ಚಂದ. ಆದರೆ ಎಫ್/2.8ಕ್ಕೆ ನೀವು ಯಾಕೆ ದುಡ್ಡು ಕೊಡಬೇಕು? ಮನೆ ಫೋಟೊ ಎಲ್ಲ ಎಫ್/8ರಲ್ಲೇ ತೆಗೆಯುವುದು. ಉಳಿದ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತಗೊಳ್ಳಿ. ಕೈಗೆ ಬಂದ ಅಗ್ಗದ್ದು ಬೇಡ, ಅದರ ತಲೆ ಬಿಗಿ ಮಾಡಿ ಕೈ ಬಿಟ್ಟ ಕೂಡಲೇ ಒಂದು ಎಳೆ ಕೆಳಗೆ ಇಳಿಯುತ್ತದೆ. ಗೋಡೆಯ ಗೆರೆ ಕೆಡಲು ಅಷ್ಟೇ ಸಾಕು.

ಇನ್ನು ವಾಲುವ ಗೋಡೆ. ಅದು ಲೆನ್ಸಿನ ತಪ್ಪಲ್ಲ. ನೆಲ ಕಾಣಲಿ ಅಂತ ನೀವು ಫೋನನ್ನು ಕೆಳಗೆ ಬಗ್ಗಿಸುತ್ತೀರಿ. ಬಗ್ಗಿಸಿದ ಕೂಡಲೇ ಗೋಡೆಗಳು ಕೆಳಗೆ ಹತ್ತಿರ ಸೇರುತ್ತವೆ, ವೈಡ್ ಆದಷ್ಟೂ ಜಾಸ್ತಿ. ಹೆಚ್ಚಿನ ಕ್ಯಾಮೆರಾಗಳ ಒಳಗೆ ಲೆವೆಲ್ ಮೀಟರ್ ಇರುತ್ತದೆ, ಆನ್ ಮಾಡಿ. ಕ್ಯಾಮೆರಾ ಮಟ್ಟವಾಗಿ ನಿಲ್ಲುವವರೆಗೆ ಶಟರ್ ಒತ್ತಬೇಡಿ. ಎತ್ತರ ನಾಲ್ಕು, ನಾಲ್ಕೂವರೆ ಅಡಿ ಇರಲಿ. ಅಡುಗೆಮನೆಯಲ್ಲಿ ಕಟ್ಟೆಯ ಮೇಲ್ಭಾಗ ಒಂಚೂರು ಕಾಣುವಷ್ಟು ಮೇಲೆ. ಬೆಡ್‌ರೂಮಿನಲ್ಲಿ ಸ್ವಲ್ಪ ಕೆಳಗೆ. ಸೀಲಿಂಗ್ ಜಾಸ್ತಿ ಬಂತು ಅನ್ನಿಸಿದರೆ ಕ್ಯಾಮೆರಾವನ್ನು ಬಗ್ಗಿಸದೆ ಪೂರ್ತಿಯಾಗಿ ಕೆಳಗೆ ಇಳಿಸಿ, ಇಲ್ಲ ಆಮೇಲೆ ಕತ್ತರಿಸಿ.

ಮಡಗಾಂವ್_ಮಳೆ

ನಾನು ಕಾರವಾರದವಳು, ಮಡಗಾಂವ್ ಹತ್ತಿರ ಹಳೆ ಮನೆಯೊಂದನ್ನು ಹೋಮ್‌ಸ್ಟೇ ಮಾಡಿಕೊಂಡಿದ್ದೇನೆ. ನನ್ನ ಸಮಸ್ಯೆ ನಿಮ್ಮದಕ್ಕೆ ಉಲ್ಟಾ. ರೂಮ್ ದೊಡ್ಡದು, ಸೂರು ಎತ್ತರ, ಒಳಗೆ ಕತ್ತಲೆ, ಹೊರಗೆ ಬಾಲ್ಕಾವ್‌ನಲ್ಲಿ (ಮುಂಬಾಗಿಲ ಜಗಲಿ) ಕಣ್ಣು ಕುಕ್ಕುವ ಬಿಸಿಲು. ಕಿಟಕಿಗೆ ಗಾಜಿನ ಬದಲು ಹಳೆಯ ಚಿಪ್ಪಿನ ಹಲಗೆಗಳಿವೆ, ಸಿಂಪಿಯ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಯಲ್ಲಿ ಕೂರಿಸಿದ್ದು. ಅದರಿಂದ ಬರುವ ಬೆಳಕು ಹಾಲಿನ ಬಣ್ಣ. ಕೆಂಪು ನೆಲದ ಮೇಲೆ ಅದು ಬಿದ್ದದ್ದನ್ನು ನೋಡಿಯೇ ಜನ ಬುಕ್ ಮಾಡುತ್ತಾರೆ.

ಮೊದಲು ಒಬ್ಬರು ಬಂದು ಎಲ್ಲ ಲೈಟ್ ಹಾಕಿ, ಎಚ್‌ಡಿಆರ್ ಅಂತ ಏನೋ ಮಾಡಿ ಕೊಟ್ಟರು. ಚಿಪ್ಪಿನ ಬೆಳಕೂ ಒಂದೇ, ಟ್ಯೂಬ್‌ಲೈಟೂ ಒಂದೇ. ನೆಲ ಕಿತ್ತಳೆ ಬಣ್ಣ. ಆಸ್ಪತ್ರೆ ವಾರ್ಡ್ ಥರ ಎಲ್ಲ ಕಡೆ ಸಮ ಬೆಳಕು.

ಈಗ ನಾನೇ ನಿಕಾನ್ ಜೆಡ್50 ಕಿಟ್ ಲೆನ್ಸಿನಲ್ಲಿ ತೆಗೆಯುತ್ತೇನೆ. 24 ನನಗೆ ಸಾಕು. ಕ್ಯಾಮೆರಾ ಉದ್ದುದ್ದ ತಿರುಗಿಸಿದರೆ ಸೂರಿನ ತೊಲೆಯಿಂದ ನೆಲದವರೆಗೂ ಬರುತ್ತದೆ. ಲೈಟ್ ಒಂದೂ ಹಾಕುವುದಿಲ್ಲ. ಠಾಣೆಯವರೇ, ನಿಮ್ಮಲ್ಲಿ ಎಲ್ಲ ರೂಮಿಗೂ ಒಂದೇ ಅಳತೆಯ ವೈಡ್ ಬೇಡ ಅಂತ ನನ್ನ ಅನಿಸಿಕೆ.

ಠಾಣೆ_ಸ್ಲೋ

ಅಕ್ಕ, ನಿಮ್ಮ ಮನೆ ನೋಡಲು ಒಂದು ಸಲ ಬರಬೇಕು. ಕಿಟಕಿಯ ವಿಷಯ ನನಗೂ ಕಾಡುತ್ತಿದೆ. ನಮ್ಮ ಕಿಟಕಿಗೆ ಚಿಪ್ಪು ಇಲ್ಲ, ಬಾಕ್ಸ್ ಗ್ರಿಲ್ ಮತ್ತು ಒಣಗಿಸಿದ ಬಟ್ಟೆ. ಎಚ್‌ಡಿಆರ್ ಮಾಡಲೇಬಾರದಾ?

ಮೂರುಕಾಲಿನವ

ಮಾಡಿ, ಹದವಾಗಿ ಮಾಡಿ. ಟ್ರೈಪಾಡ್ ಅಲ್ಲಾಡಿಸದೆ ಮೂರು ಫೋಟೊ: ಒಂದು ಸರಿಯಾಗಿ, ಒಂದು 2 ಸ್ಟಾಪ್ ಕತ್ತಲು, ಒಂದು 2 ಸ್ಟಾಪ್ ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡು ಪಟ್ಟು). ಹೆಚ್ಚಿನ ಕ್ಯಾಮೆರಾಗಳಲ್ಲಿ ಬ್ರಾಕೆಟಿಂಗ್ ಅಂತ ಇರುತ್ತದೆ, ಮೂರೂ ಸಾಲಾಗಿ ಬರುತ್ತವೆ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್) ತೆಗೆಯಿರಿ. ಕಂಪ್ಯೂಟರಿನಲ್ಲಿ ಸೇರಿಸುವಾಗ ಕಿಟಕಿಯ ಹೊರಗೆ ಮರ ಇದೆ ಅಂತ ಗೊತ್ತಾಗುವಷ್ಟು ಮಾತ್ರ ಎಳೆಯಿರಿ. ಕಿಟಕಿ ರೂಮಿಗಿಂತ ಸ್ವಲ್ಪ ಬೆಳ್ಳಗೇ ಇರಬೇಕು, ಹಗಲು ಹಾಗೇ ಇರುತ್ತದೆ ಅಲ್ವಾ?

ದುಡ್ಡು ಕೊಟ್ಟು ಸಾಫ್ಟ್‌ವೇರ್ ಬೇಡ ಅಂದರೆ ಡಾರ್ಕ್‌ಟೇಬಲ್ ಬಿಟ್ಟಿ ಸಿಗುತ್ತದೆ. ಗೋಡೆ ನೆಟ್ಟಗೆ ಮಾಡುವ ಸೌಲಭ್ಯವೂ ಅದರಲ್ಲಿದೆ.

ಲೈಟಿನ ಬಣ್ಣ ಇನ್ನೊಂದು ತಲೆನೋವು. ಸೀಲಿಂಗ್‌ನಲ್ಲಿ 3000 ಕೆಲ್ವಿನ್ ಹಳದಿ, ಗೋಡೆಗೆ 6500ರ ಬಿಳಿ ಟ್ಯೂಬ್, ಕಿಟಕಿಯಿಂದ ಹಗಲು. ಮೂರೂ ಒಂದೇ ಗೋಡೆಗೆ ಬಿದ್ದರೆ ಯಾವ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಸೆಟ್ಟಿಂಗ್) ಇಟ್ಟರೂ ಒಂದು ಕಡೆ ಕೆಡುತ್ತದೆ. ಹಗಲಿದ್ದರೆ ಟ್ಯೂಬ್ ಆಫ್ ಮಾಡಿ. ರಾತ್ರಿಯಾದರೆ ಹಳದಿ, ಬಿಳಿ ಎರಡರಲ್ಲಿ ಒಂದನ್ನು ಮಾತ್ರ ಹಾಕಿ.

ಕೆಲವು ಎಲ್‌ಇಡಿ ಲೈಟ್‌ನಲ್ಲಿ ಫೋಟೊಗೆ ಅಡ್ಡಪಟ್ಟೆ ಬರುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಟ್ಟರೆ ಪಟ್ಟೆ ಹೋಗುತ್ತದೆ.

ಮತ್ತೆ, ಫ್ಯಾನ್ ಆಫ್ ಮಾಡಿ. ಮೇ ತಿಂಗಳಲ್ಲಿ ಠಾಣೆಯ ಫ್ಲಾಟ್‌ನಲ್ಲಿ ಇದು ಎಂಥ ಶಿಕ್ಷೆ ಅಂತ ಗೊತ್ತು. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ತಿರುಗುವ ಫ್ಯಾನ್ ಬರೀ ಕಂದು ಕಲೆ.

ಖೋಲಿ_ಹುಡುಕಾಟ

ಮನೆ ಹುಡುಕುವವಳಾಗಿ ನಾನೂ ಒಂದು ಕೇಳಲಾ? ಕೆಲವು ಫೋಟೊದಲ್ಲಿ ಮೂಲೆಯ ಸ್ಟೂಲ್ ನೀರುದೋಸೆ ಥರ ಹರಡಿಕೊಂಡಿರುತ್ತದೆ. ಗೋಡೆ ಎಲ್ಲ ನೆಟ್ಟಗೇ ಇರುತ್ತದೆ, ಆದರೂ ಏನೋ ಮೋಸ ಅನ್ನಿಸುತ್ತದೆ. ಅದು ಯಾಕೆ?

ಮಾಟುಂಗಾ_ಫಿಲ್ಟರ್

ಒಳ್ಳೆಯ ಪ್ರಶ್ನೆ ಕೇಳಿದಿ ಮಗಾ. ಗೆರೆಯನ್ನು ನೆಟ್ಟಗೆ ಇಡುವ ಲೆನ್ಸ್ ಅದಕ್ಕೆ ಕೊಡುವ ಬೆಲೆ ಅದು. ನಡುವೆ ಇದ್ದ ವಸ್ತು ಸರಿಯಾಗಿರುತ್ತದೆ, ಅಂಚಿಗೆ ಹೋದಷ್ಟೂ ಹೊರಕ್ಕೆ ಎಳೆಯುತ್ತದೆ. 90 ಡಿಗ್ರಿ ಚಿತ್ರದ ಎಡ, ಬಲ ಅಂಚಿನಲ್ಲಿ ಒಂದು ದುಂಡು ಲ್ಯಾಂಪ್ ಇಟ್ಟರೆ ಅದರ ಅಗಲ ಎತ್ತರದ ಸುಮಾರು 1.4 ಪಟ್ಟು ಕಾಣುತ್ತದೆ. 13ಕ್ಕೆ ಹೋದರೆ 1.7 ಪಟ್ಟು. ದುಬಾರಿ ಲೆನ್ಸ್ ಹಾಕಿದರೂ ತಪ್ಪಿದ್ದಲ್ಲ, ಇದು ಗಣಿತ.

ಇನ್ನೊಂದು ಉಂಟು. ವೈಡ್ ಲೆನ್ಸ್‌ನಲ್ಲಿ ಹತ್ತಿರದ್ದು ಬಹಳ ದೊಡ್ಡದು, ದೂರದ್ದು ಬಹಳ ಸಣ್ಣದು. ಎದುರಿನ ಗೋಡೆ ಸಣ್ಣದಾದ ಕಾರಣ ಅದು ದೂರ ಇದೆ ಅಂತ ಕಣ್ಣು ನಂಬುತ್ತದೆ. ನಿಮ್ಮ ಬೋರಿವಲಿ ಹಾಲ್ ಉದ್ದ ಆದದ್ದು ಹಾಗೆ.

ಆದ್ದರಿಂದ ಅಂಚಿನಲ್ಲಿ ಕುರ್ಚಿ, ಹೂದಾನಿ, ದಿಂಬು ಏನೂ ಇಡಬೇಡಿ. ಅಲ್ಲಿ ಬರೀ ಗೋಡೆ, ಪರದೆ ಇದ್ದರೆ ಎಳೆದದ್ದು ಗೊತ್ತಾಗುವುದಿಲ್ಲ. ಮತ್ತೆ ಕಾಲ ಹತ್ತಿರ ಟೀಪಾಯಿ ಇದ್ದರೆ ಅದನ್ನು ಎತ್ತಿ ಆಚೆ ಇಡಿ.

ಮೂರುಕಾಲಿನವ

ನಾನು ಮಾಡುವ ಪದ್ಧತಿ ಹೇಳುತ್ತೇನೆ. ಮೂರು ಗೋಡೆ ಒಂದೇ ಫೋಟೊದಲ್ಲಿ ತುರುಕುವುದಿಲ್ಲ. ಎರಡು ಗೋಡೆ ಸಾಕು. ಬಾಗಿಲಿನಿಂದ ಒಂದು, ಎದುರು ಮೂಲೆಯಿಂದ ಬಾಗಿಲ ಕಡೆಗೆ ಇನ್ನೊಂದು. ಎರಡೂ 20ರಿಂದ 24ರ ಒಳಗೆ. ನೋಡುವವರ ತಲೆಯಲ್ಲಿ ರೂಮ್ ತಾನೇ ಕೂಡಿಕೊಳ್ಳುತ್ತದೆ. 16 ಇಡುವುದು ಅಡುಗೆಮನೆಗೆ, ಬಾತ್‌ರೂಮಿಗೆ ಮಾತ್ರ, ಅದೂ ಹೆಚ್ಚಾಗಿ ಕ್ಯಾಮೆರಾ ಉದ್ದುದ್ದ ತಿರುಗಿಸಿ.

ಬ್ರೋಕರ್_ಭಾವ

ನೀವೆಲ್ಲ ಸತ್ಯಹರಿಶ್ಚಂದ್ರರು. ಪಕ್ಕದ ಏಜೆಂಟ್ 13ರಲ್ಲಿ ತೆಗೆದು ಹಾಕಿದ್ದಾನೆ, ನಾನು 24ರಲ್ಲಿ ತೆಗೆದು ಹಾಕಿದರೆ ಅದೇ ಫ್ಲಾಟ್ ನನ್ನ ಲಿಸ್ಟಿಂಗ್‌ನಲ್ಲಿ ಸಣ್ಣದು. ಹೊಟ್ಟೆ ತುಂಬುವುದು ಯಾರದ್ದು?

ಬಿಗಿ_ಬಜೆಟ್

ಭಾವ ಹೇಳಿದ್ದರಲ್ಲಿ ತೂಕ ಇದೆ. ಆದರೆ ಒಂದು ವಿಷಯ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಹೊಸ ಪ್ರಾಜೆಕ್ಟ್‌ಗಳಲ್ಲಿ ಕಾರ್ಪೆಟ್ ಏರಿಯಾದ ಲೆಕ್ಕವೇ ನಡೆಯುವುದು. ಗೋಡೆಯ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಬಾಲ್ಕನಿ ಬಿಟ್ಟು. ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನ, ಮಾದರಿ ಫ್ಲಾಟ್‌ನ ಸುಳ್ಳು ನಂಬಿ ದುಡ್ಡು ಹಾಕಿದವನಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಹಳೇ ಕಟ್ಟಡದ ಬಾಡಿಗೆ ಫ್ಲಾಟ್‌ಗೆ ಅದು ಬರುವುದಿಲ್ಲ, ಒಪ್ಪುತ್ತೇನೆ. ಬಿಲ್ಡರ್‌ನ ಹೊಸ ಫ್ಲಾಟ್ ಮಾರಿಕೊಡುವಾಗ ಮಾತ್ರ ಸ್ವಲ್ಪ ನೋಡಿಕೊಂಡು ಫೋಟೊ ಹಾಕಿ.

ಖೋಲಿ_ಹುಡುಕಾಟ

ಕಾನೂನು ಬಿಡಿ. ಫೋಟೊ ಕೆಳಗೆ ರೂಮಿನ ಅಳತೆ ಬರೆಯಿರಿ ಸಾಕು. ‘ಹಾಲ್ 11 ಅಡಿ × 9 ಅಡಿ’ ಅಂತ ಬರೆದಿದ್ದರೆ ಫೋಟೊ ಎಷ್ಟು ವೈಡ್ ಇದ್ದರೂ ನನಗೆ ಬೇಜಾರಿಲ್ಲ. ನನ್ನ ಮಂಚ ಹಿಡಿಸುತ್ತದಾ ಇಲ್ಲವಾ ಅಂತ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಅಳತೆ ಬರೆದವರಿಗೇ ನಾನು ಮೊದಲು ಫೋನ್ ಮಾಡುವುದು. ಪಕ್ಕದ ಏಜೆಂಟ್ 13ರಲ್ಲಿ ತೆಗೆಯಲಿ ಬಿಡಿ ಭಾವ.

ಬ್ರೋಕರ್_ಭಾವ

ಹ್ಞೂಂ. ಟೇಪ್ ಹಿಡಿಯಲು ಒಬ್ಬ ಹುಡುಗ ಬೇಕು ಅದಕ್ಕೆ.

ಬಿಗಿ_ಬಜೆಟ್

ಲೇಸರ್ ಮೀಟರ್ ಬರುತ್ತದೆ, ಒಬ್ಬರೇ ಅಳೆಯಬಹುದು. ಬಾಷ್‌ನದ್ದು ನಾನು ಇಟ್ಟುಕೊಂಡಿದ್ದೇನೆ. ಗೋಡೆಗೆ ಒತ್ತಿ ಹಿಡಿದು ಬಟನ್ ಒತ್ತಿದರೆ ಆಯಿತು.

ಠಾಣೆ_ಸ್ಲೋ

ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಎಲ್ಲಿ ತಗೊಳ್ಳಲಿ? ಆನ್‌ಲೈನ್ ಅಥವಾ ಮುಂಬಯಿಯ ಫೋರ್ಟ್ ಕಡೆ ಅಂಗಡಿಯಲ್ಲಾ?

ಮಾಟುಂಗಾ_ಫಿಲ್ಟರ್

ಸಿಎಸ್‌ಎಂಟಿಯಲ್ಲಿ ಇಳಿದು ಬೋರಾ ಬಜಾರ್‌ಗೆ ಹೋಗಿ. ಕ್ಯಾಮೆರಾ ಅಂಗಡಿಗಳು ಸಾಲಾಗಿ ಇವೆ. ಕೈಯಲ್ಲಿ ಹಿಡಿದು ನೋಡಬಹುದು, ಅದೇ ದೊಡ್ಡ ಲಾಭ. ನಿಮ್ಮ ಕಾರ್ಡ್ ಹಾಕಿ ಅಂಗಡಿಯ ಒಳಗೇ ಮೂಲೆಗೆ ನಿಂತು ಎರಡು ಫೋಟೊ ತೆಗೆದು ಮನೆಗೆ ಬಂದು ನೋಡಿ. ಬಿಲ್ ಬೇಡ ಅಂದರೆ ಇಷ್ಟು ಕಡಿಮೆ ಅಂತ ಒಬ್ಬಿಬ್ಬರು ಹೇಳುತ್ತಾರೆ. ಅದು ಹೊರಗಿನಿಂದ ಬಂದ ಮಾಲು, ಇಲ್ಲಿಯ ವಾರಂಟಿ ಸಿಗುವುದಿಲ್ಲ. ಏಜೆನ್ಸಿಗೆ ಜಿಎಸ್‌ಟಿ ನಂಬರ್ ಇದ್ದರೆ ಆ ಹೆಸರಲ್ಲೇ ಬಿಲ್ ಮಾಡಿಸಿ, ಇನ್‌ಪುಟ್ ಕ್ರೆಡಿಟ್ ಬಗ್ಗೆ ನಿಮ್ಮ ಸಿಎ ಹತ್ತಿರ ಕೇಳಿ. ಕ್ಯಾಮೆರಾಗೆ ಜಿಎಸ್‌ಟಿ 18 ಪರ್ಸೆಂಟ್, ಸಣ್ಣ ಮೊತ್ತ ಅಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಒಂದು ಸಣ್ಣ ಟಾರ್ಚ್ ತಗೊಂಡು ಹೋಗಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯ ಹಾಗೆ ತೆಳು ಎಳೆ ಕಂಡರೆ ಅದು ಫಂಗಸ್. ಧೂಳು ಒಂದೆರಡು ಇದ್ದರೆ ತೊಂದರೆ ಇಲ್ಲ, ಫಂಗಸ್ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಮಡಗಾಂವ್_ಮಳೆ

ಫಂಗಸ್ ಅಂದರೆ ನೆನಪಾಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಮುಂಬಯಿಯಲ್ಲೂ ಅಷ್ಟೇ ಇರಬೇಕು. ಕ್ಯಾಮೆರಾವನ್ನು ಬಟ್ಟೆಯ ಬ್ಯಾಗಿನಲ್ಲಿ ಕಪಾಟಿಗೆ ಹಾಕಿ ಮರೆಯಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ಚಿಕ್ಕ ತೇವಾಂಶ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು.

ಎಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಗಾಜಿಗೆ ಹಬೆ ಕೂರುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ತೆಗೆಯಿರಿ.

ಮೂರುಕಾಲಿನವ

ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ನೋಡಬಹುದು. ಅಂಧೇರಿಯಲ್ಲಿ ಸಿನಿಮಾ, ಸೀರಿಯಲ್‌ನವರಿಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಐಡಿ, ಡೆಪಾಸಿಟ್ ಕೇಳುತ್ತಾರೆ. ನಾನು ದೊಡ್ಡ ಬಂಗ್ಲೆ ಕೆಲಸ ಬಂದರೆ ಕ್ಯಾನನ್ ಟಿಎಸ್-ಇ 17 ಬಾಡಿಗೆಗೆ ತರುತ್ತೇನೆ. ಕ್ಯಾಮೆರಾ ಬಗ್ಗಿಸದೆ ಲೆನ್ಸನ್ನೇ ಮೇಲೆ ಕೆಳಗೆ 12 ಮಿ.ಮೀ. ಸರಿಸಬಹುದು, ಗೋಡೆ ನೆಟ್ಟಗೇ ಉಳಿಯುತ್ತದೆ. ನಿಮಗೆ ಅದು ಬೇಡ, ಸುಮ್ನೆ ಆಸೆ ಹುಟ್ಟಿಸುತ್ತಿದ್ದೇನೆ.

ಠಾಣೆ_ಸ್ಲೋ

ಅಪ್‌ಡೇಟ್. ಫೋರ್ಟ್‌ಗೆ ಹೋಗಿ ಆರ್50 ಬರೀ ಬಾಡಿ, ಆರ್‌ಎಫ್-ಎಸ್ 10-18, ಒಂದು ಗಟ್ಟಿ ಟ್ರೈಪಾಡ್ ತಂದೆ. ಅಂಗಡಿಯವರು ಕಿಟ್ ಲೆನ್ಸ್ ಸೇರಿಸಿ ಕೊಡುತ್ತೇನೆ ಅಂತ ಬಹಳ ಹೊತ್ತು ಜಗ್ಗಾಡಿದರು. 29ರಿಂದ ಶುರುವಾಗುತ್ತದೆ, ಬೇಡ ಅಂದೆ. ಅವರು ನನ್ನ ಮುಖ ನೋಡಿದರು.

ನಿನ್ನೆ ಕಳವಾದಲ್ಲಿ ಒಂದು 1ಆರ್‌ಕೆ ತೆಗೆದೆ. ಗೋಡೆ ನೆಟ್ಟಗೆ ಬಂದಿದೆ, ಕಿಟಕಿಯ ಹೊರಗಿನ ನೀರಿನ ಟ್ಯಾಂಕ್ ಕೂಡ ಕಾಣುತ್ತದೆ (ಕಾಣದಿದ್ದರೇ ಚೆನ್ನಾಗಿತ್ತು ಅಂತ ಮಾವ). ಬಾತ್‌ರೂಮ್ ಮಾತ್ರ ಕಷ್ಟವಾಯಿತು. ಎಲ್ಲಿ ನಿಂತರೂ ಕನ್ನಡಿಯಲ್ಲಿ ನಾನೇ.

ಮೂರುಕಾಲಿನವ

ಟ್ರೈಪಾಡ್ ಬಾಗಿಲಲ್ಲಿ ಬಿಟ್ಟು ನೀವು ಹೊರಗೆ ಹೋಗಿ, ಫೋನಿನ ಕ್ಯಾನನ್ ಆಪ್‌ನಿಂದ ಒತ್ತಿ. ಕ್ಯಾಮೆರಾ ಕನ್ನಡಿಯ ಅಂಚಿಗಿಂತ ಆಚೆ ಇರಲಿ, ಓರೆಯಾಗಿ. ಆಗಲೂ ಕಂಡರೆ ಕನ್ನಡಿಯ ಕೆಳ ಅಂಚಿಗಿಂತ ಕೆಳಗೆ ಇಳಿಸಿ.

ಹಾಗೇ ಫ್ರಿಜ್ ಮೇಲಿನ ಔಷಧಿ, ಗೋಡೆಯ ಮದುವೆ ಫೋಟೊ, ಕರೆಂಟ್ ಬಿಲ್ ಎಲ್ಲ ತೆಗೆಸಿ. ಈ ಕ್ಯಾಮೆರಾದಲ್ಲಿ ಬಿಲ್ ಮೇಲಿನ ಹೆಸರೂ ಓದಲು ಬರುತ್ತದೆ.

ಖೋಲಿ_ಹುಡುಕಾಟ

ಆ ಕಳವಾ 1ಆರ್‌ಕೆ ರೂಮ್ ಎಷ್ಟು ಉದ್ದ, ಎಷ್ಟು ಅಗಲ?

ಠಾಣೆ_ಸ್ಲೋ

11 ಅಡಿ 4 ಇಂಚು × 9 ಅಡಿ. ಟೇಪ್ ಹಿಡಿದೇ ಅಳೆದದ್ದು. ನೀರು ಬೆಳಿಗ್ಗೆ ಎರಡು ಗಂಟೆ ಮಾತ್ರ. ಮೂರನೇ ಮಹಡಿ, ಲಿಫ್ಟ್ ಇಲ್ಲ.

ಖೋಲಿ_ಹುಡುಕಾಟ

ಶನಿವಾರ ಬರುತ್ತೇನೆ. ಬ್ರೋಕರೇಜ್ ಅರ್ಧ ಮಾಡಿಕೊಳ್ಳಿ, ನಾನೂ ಇಲ್ಲಿ ಸಲಹೆ ಕೊಟ್ಟಿದ್ದೇನೆ.

ಬ್ರೋಕರ್_ಭಾವ

ನೋಡಿ, ನನ್ನ ಕಣ್ಣೆದುರೇ ಗಿರಾಕಿ ಹೋಯಿತು. ಬಜೆಟ್ ಅಣ್ಣ, ಆ ಲೇಸರ್ ಮೀಟರ್ ಎಲ್ಲಿ ಸಿಗುತ್ತದೆ?